ಗೀರುಗಳ ಕಥೆ: ಮಳೆ, ಟೈರು ಮತ್ತು ನಮ್ಮ ಮೋಟಾರ್‌ವೇ

ನವೆಂಬರ್ ತಿಂಗಳಲ್ಲಿ ನಮ್ಮ ಸಂಘದ ಕುಟುಂಬಗಳಿಗೆ ಎರಡು ತಪ್ಪಿದ್ದಲ್ಲ: ರಾಜ್ಯೋತ್ಸವ ಮತ್ತು ಮಳೆ. ಲೀಡ್ಸ್‌ನವರು ಎಂ 62 ಹಿಡಿದು ಪೆನೈನ್ ಗುಡ್ಡ ಹತ್ತಿ ಇಳಿಯುತ್ತಾರೆ. ಮ್ಯಾಂಚೆಸ್ಟರಿನವರು ಎಂ 6ರಲ್ಲಿ ಬರ್ಮಿಂಗ್‌ಹ್ಯಾಮಿಗೆ ಬರುತ್ತಾರೆ. ಹಿಂದಿನ ಸೀಟಿನಲ್ಲಿ ಬಿಸಿಬೇಳೆ ಭಾತಿನ ಪಾತ್ರೆ, ಮುಂದೆ ಬಿಡುವಿಲ್ಲದ ವೈಪರ್. ಈ ದೇಶದ ರಸ್ತೆಗಳಲ್ಲಿ ಕೆಲವೆಡೆ ಚಕ್ರದ ದನಿ ಇದ್ದಕ್ಕಿದ್ದಂತೆ ಬದಲಾಗುವುದನ್ನು ನಾವೆಲ್ಲ ಕೇಳಿದ್ದೇವೆ. ಡಾಂಬರು ಮುಗಿದು ಕಾಂಕ್ರೀಟು ಶುರುವಾದೊಡನೆ ಕಾರು ತಂಬೂರಿಯಂತೆ ಒಂದೇ ಶ್ರುತಿ ಹಿಡಿಯುತ್ತದೆ. ಕಾಂಕ್ರೀಟು ಹಸಿಯಾಗಿರುವಾಗಲೇ ಅದರ ಮೇಲೆ ಅಡ್ಡಡ್ಡಲಾಗಿ ಎಳೆದ ಸಣ್ಣ ಗೀರುಗಳ ಶಬ್ದ ಅದು. ಅವನ್ನು ಏಕೆ ಎಳೆದರು ಎಂಬ ಇತಿಹಾಸದಲ್ಲಿ ನಾವು ವಾಸಿಸುವ ಊರುಗಳದೇ ದೊಡ್ಡ ಪಾಲು.

ನಮ್ಮ ಹಿರಿಯರಿಗೆ ಈ ತತ್ವ ಹೊಸದೇನಲ್ಲ. ಒರಳುಕಲ್ಲು ಸವೆದು ನುಣ್ಣಗಾದರೆ ಉಳಿಯಿಂದ ಕಚ್ಚು ಹೊಡೆಸುತ್ತಿದ್ದರು. ಮಲೆನಾಡಿನಲ್ಲಿ ಪಾಚಿಗಟ್ಟಿದ ಅಂಗಳಕ್ಕೆ ಅಡಿಕೆ ದಬ್ಬೆ ಹಾಸುತ್ತಿದ್ದರು. ನುಣುಪಿಗೂ ನೀರಿಗೂ ಸ್ನೇಹವಾದರೆ ಕಾಲು ಜಾರುತ್ತದೆ, ಅಷ್ಟೆ. ಆದರೆ ಕಾರಿನ ವಿಷಯದಲ್ಲಿ ವೇಗವೆಂಬ ಮೂರನೆಯವನೂ ಸೇರಿಕೊಳ್ಳುತ್ತಾನೆ.

ಒಂದು ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 60 ಮೈಲಿ ಎಂದರೆ ಸೆಕೆಂಡಿಗೆ ಸುಮಾರು 27 ಮೀಟರು. ಟೈರಿನ ಅಗಲ 15 ಸೆಂಟಿಮೀಟರು, ರಸ್ತೆಯ ಮೇಲೆ ನಿಂತ ನೀರು ಕೇವಲ 2 ಮಿಲಿಮೀಟರು ಎಂದುಕೊಳ್ಳಿ. ಹಾಗಿದ್ದರೂ ಆ ಒಂದು ಟೈರು ಸೆಕೆಂಡಿಗೆ ಸುಮಾರು 8 ಲೀಟರ್ ನೀರನ್ನು ಪಕ್ಕಕ್ಕೆ ತಳ್ಳಬೇಕು. ಸೆಕೆಂಡಿಗೊಂದು ಸಣ್ಣ ಬಿಂದಿಗೆ! ನೀರಿಗೆ ಹೋಗಲು ದಾರಿಯಿಲ್ಲದಿದ್ದರೆ ಅದು ಟೈರಿನ ಕೆಳಗೇ ಸೇರಿ ಟೈರನ್ನು ಎತ್ತಿಹಿಡಿಯುತ್ತದೆ. ಆಗ ಸ್ಟಿಯರಿಂಗ್ ಹಗುರವಾಗುತ್ತದೆ, ಬ್ರೇಕು ಕೇಳುವುದಿಲ್ಲ, ಕಾರು ದೋಣಿಯಾಗುತ್ತದೆ. ಇದನ್ನೇ ಅಕ್ವಾಪ್ಲೇನಿಂಗ್ ಎನ್ನುವುದು. ಅಮೆರಿಕದ ನಾಸಾ ಸಂಸ್ಥೆಯ ವಾಲ್ಟರ್ ಹಾರ್ನ್ ಮತ್ತು ಸಂಗಡಿಗರು 1963ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಟೈರಿನ ಗಾಳಿಯ ಒತ್ತಡವನ್ನು ಪಿಎಸ್ಐ ಲೆಕ್ಕದಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 10.35ರಿಂದ ಗುಣಿಸಿದರೆ, ಟೈರು ನೀರಿನ ಮೇಲೆ ತೇಲತೊಡಗುವ ವೇಗ ಮೈಲಿಗಳಲ್ಲಿ ಸಿಗುತ್ತದೆ. 30 ಪಿಎಸ್ಐ ಗಾಳಿಯಿದ್ದರೆ ಸುಮಾರು 57 ಮೈಲಿ. ಗಾಳಿ 20ಕ್ಕೆ ಇಳಿದಿದ್ದರೆ 46 ಮೈಲಿಯೇ ಸಾಕು. ಇದು ನೀರು ತುಂಬಿದ ರಸ್ತೆಯಲ್ಲಿ ಸವೆದ ಟೈರಿನ ಲೆಕ್ಕ, ನಿಜ. ಆದರೂ ಮೋಟಾರ್‌ವೇಯ ಮಿತಿ 70 ಮೈಲಿ ಎಂಬುದನ್ನು ನೆನೆದರೆ ಎದೆ ಝಲ್ಲೆನ್ನುತ್ತದೆ.

ಗೀರು ಹಾಕುವ ಉಪಾಯ ಮೊದಲು ಹುಟ್ಟಿದ್ದು ಕಾರಿಗಾಗಿ ಅಲ್ಲ, ವಿಮಾನಕ್ಕಾಗಿ. ರನ್‌ವೇಯಲ್ಲಿ ಗೀರು ಕೊರೆಯುವ ಪ್ರಯೋಗ ಬ್ರಿಟನ್ನಿನಲ್ಲಿ 1956ರಲ್ಲೇ ನಡೆಯಿತು. ಅಮೆರಿಕದವರು ಅದನ್ನು 1960ರ ದಶಕದಲ್ಲಿ ವರ್ಜೀನಿಯಾದ ವಾಲಪ್ಸ್ ದ್ವೀಪದಲ್ಲಿ ಪರೀಕ್ಷಿಸಿ, ಮೊದಲು ತಮ್ಮ ವಿಮಾನ ನಿಲ್ದಾಣಗಳಿಗೆ, ಆಮೇಲೆ ಹೆದ್ದಾರಿಗಳಿಗೆ ಒಯ್ದರು. ಅವರ ರನ್‌ವೇ ಗೀರು ಸುಮಾರು 6 ಮಿಲಿಮೀಟರು ಅಗಲ, ಅಷ್ಟೇ ಆಳ. ಗೀರಿನಿಂದ ಗೀರಿಗೆ 38 ಮಿಲಿಮೀಟರು ದೂರ.

ಮ್ಯಾಂಚೆಸ್ಟರಿನಲ್ಲಿರುವ ನಾವು ಇಲ್ಲಿ ಒಂದು ದಿನವನ್ನು ನೆನೆಯದೆ ಮುಂದೆ ಹೋಗಲಾಗದು. 1958ರ ಫೆಬ್ರವರಿ 6ರಂದು ಮ್ಯೂನಿಕ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ತಂಡವಿದ್ದ ವಿಮಾನ ಮೇಲೇಳಲಾಗದೆ ಅಪಘಾತಕ್ಕೀಡಾಯಿತು. 8 ಮಂದಿ ಆಟಗಾರರೂ ಸೇರಿ 23 ಜನ ತೀರಿಕೊಂಡರು. ರೆಕ್ಕೆಯ ಮೇಲಿನ ಮಂಜುಗಡ್ಡೆಯನ್ನು ತೆಗೆಸಲಿಲ್ಲವೆಂದು ಜರ್ಮನ್ ತನಿಖೆ ಪೈಲಟ್ ಜೇಮ್ಸ್ ಥೇನ್ ಅವರನ್ನು ದೂರಿತು. ನಿಜವಾದ ಕಾರಣ ರನ್‌ವೇಯ ಮೇಲಿದ್ದ ಕರಗಿದ ಹಿಮದ ರಾಡಿ; ಅದು ಚಕ್ರಗಳನ್ನು ಎಳೆದು ಹಿಡಿದಿತ್ತು. ಬ್ರಿಟನ್ನಿನ ತನಿಖೆ ಇದನ್ನು ಹೇಳಿ ಅವರನ್ನು ದೋಷಮುಕ್ತಗೊಳಿಸುವ ಹೊತ್ತಿಗೆ 1969 ಬಂದಿತ್ತು. ಇದು ಚಕ್ರ ಜಾರಿದ ಕಥೆಯಲ್ಲ, ಸಿಕ್ಕಿಕೊಂಡ ಕಥೆ. ಆದರೆ ಚಕ್ರದ ಕೆಳಗಿನ ಒಂದಿಷ್ಟು ನೀರು ಎಷ್ಟು ದೊಡ್ಡ ವಿಷಯ ಎಂಬುದನ್ನು ಎಲ್ಲರಿಗೂ ಮನದಟ್ಟು ಮಾಡಿತು. ಒಬ್ಬ ಮನುಷ್ಯನ ಹನ್ನೊಂದು ವರ್ಷ ಅದಕ್ಕೆ ಬೆಲೆಯಾಯಿತು.

ಜಾರಿದ ಕಥೆ ಬೇಕೆಂದರೆ ಲೀಡ್ಸ್‌ಗೆ ಬರಬೇಕು. ಅಲ್ಲಿನ ಲೀಡ್ಸ್ ಬ್ರಾಡ್‌ಫರ್ಡ್ ನಿಲ್ದಾಣದ ರನ್‌ವೇಯನ್ನು 1984ರಲ್ಲಿ ಉದ್ದ ಮಾಡಿದರು, ದೊಡ್ಡ ವಿಮಾನಗಳು ಬರತೊಡಗಿದವು. 1985ರ ಮೇ 27ರಂದು ಪಾಲ್ಮಾದಿಂದ ಬಂದ ಬ್ರಿಟಿಷ್ ಏರ್‌ಟೂರ್ಸ್‌ನ ಟ್ರೈಸ್ಟಾರ್ ವಿಮಾನ ಮಳೆ ಬಿದ್ದ ರನ್‌ವೇಯಲ್ಲಿ ಇಳಿದು, ನಿಲ್ಲಲಾರದೆ ಕೊನೆ ದಾಟಿ ಮಣ್ಣಿಗೆ ನುಗ್ಗಿತು. ಮುಂದಿನ ಚಕ್ರದ ಕಾಲು ಮಡಚಿಕೊಂಡಿತು. 398 ಪ್ರಯಾಣಿಕರು, 14 ಮಂದಿ ಸಿಬ್ಬಂದಿ. ದೇವರ ದಯೆ, ಸಣ್ಣಪುಟ್ಟ ಗಾಯಗಳಲ್ಲೇ ಮುಗಿಯಿತು. ಬ್ರೇಕಿಗೆ ಬೇಕಾದಷ್ಟು ಹಿಡಿತ ಸಿಗಲಿಲ್ಲವೆಂದ ತನಿಖೆ, ಒದ್ದೆ ನೆಲದಲ್ಲಿ ಆ ವಿಮಾನದ ಬಗೆಗಿನ ಲೆಕ್ಕಗಳನ್ನೂ ರನ್‌ವೇಯ ಮೇಲ್ಮೈಯನ್ನೂ ಮತ್ತೆ ಪರಿಶೀಲಿಸಬೇಕೆಂದು ಹೇಳಿತು.

ಇನ್ನು ಬರ್ಮಿಂಗ್‌ಹ್ಯಾಮ್. ಬೆಲ್‌ಫಾಸ್ಟ್‌ನಲ್ಲಿ ದನದ ವೈದ್ಯರಾಗಿದ್ದ ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು ಶಾಲೆಯ ಮಕ್ಕಳಿಗೂ ಗೊತ್ತು. (ಸ್ಕಾಟ್‌ಲೆಂಡಿನ ರಾಬರ್ಟ್ ಥಾಮ್ಸನ್ 1845ರಲ್ಲೇ ಪಡೆದಿದ್ದರು ಎಂಬುದು ಅಷ್ಟಾಗಿ ಗೊತ್ತಿಲ್ಲ, ಪಾಪ.) ಆ ಹೆಸರಿನ ಕಂಪನಿ ಎರ್ಡಿಂಗ್ಟನ್ ಬಳಿ ಕಟ್ಟಿದ ಫೋರ್ಟ್ ಡನ್‌ಲಪ್ ಕಾರ್ಖಾನೆಯಲ್ಲಿ ಸಾವಿರಾರು ಜನ ದುಡಿದರು. 1960ರ ದಶಕದಲ್ಲಿ ಡನ್‌ಲಪ್‌ನ ಎಂಜಿನಿಯರುಗಳು ಅಕ್ವಾಪ್ಲೇನಿಂಗ್ ಬಗ್ಗೆ ಆಳವಾಗಿ ಕೆಲಸಮಾಡಿ, ನೀರನ್ನು ಪಕ್ಕಕ್ಕೆ ಚಿಮ್ಮಿಸುವ ರಂಧ್ರಗಳಿದ್ದ ಅಕ್ವಾಜೆಟ್ ಎಂಬ ಟೈರನ್ನೂ ತಂದರು. ಅದಕ್ಕೂ ಮೊದಲೇ ಅದೇ ಕಂಪನಿಯ ಕಾವೆಂಟ್ರಿ ವಿಭಾಗ ವಿಮಾನದ ಚಕ್ರ ಬ್ರೇಕಿಗೆ ಕಚ್ಚಿಕೊಂಡು ನಿಲ್ಲದಂತೆ ಮಾಡುವ ಮ್ಯಾಕ್ಸರೆಟ್ ಸಾಧನ ಮಾಡಿತ್ತು. 1966ರಲ್ಲಿ ವೆಸ್ಟ್ ಬ್ರಾಮಿಚ್‌ನ ಜೆನ್ಸೆನ್ ಕಂಪನಿ ಅದನ್ನು ತನ್ನ ಎಫ್‌ಎಫ್ ಕಾರಿಗೆ ಹಾಕಿತು. ಇಂದು ನಮ್ಮೆಲ್ಲರ ಕಾರಿನಲ್ಲಿರುವ ಎಬಿಎಸ್‌ನ ಅಜ್ಜ ಇದು.

ಟೈರಿನಲ್ಲೂ ಗೀರು, ರಸ್ತೆಯಲ್ಲೂ ಗೀರು. ಎರಡರ ಕೆಲಸವೂ ನೀರಿಗೆ ದಾರಿ ಬಿಡುವುದೇ. ಒಣ ರಸ್ತೆಯಲ್ಲಿ ಗೀರಿನಿಂದ ಹಿಡಿತ ಹೆಚ್ಚುತ್ತದೆಂದು ತಿಳಿಯುವವರು ಬಹಳ. ಅದು ಸರಿಯಲ್ಲ. ಫಾರ್ಮುಲಾ ಒನ್ ಪಂದ್ಯಗಳಲ್ಲಿ 1998ರಿಂದ 2008ರವರೆಗೆ ಕಾರುಗಳ ವೇಗ ತಗ್ಗಿಸಲೆಂದೇ ಟೈರಿಗೆ ಗೀರು ಕಡ್ಡಾಯ ಮಾಡಿದ್ದರು; 2009ರಲ್ಲಿ ನುಣ್ಣನೆಯ ಟೈರು ಮರಳಿ ಬಂತು. ಒಣ ನೆಲದಲ್ಲಿ ಬೋಳು ಟೈರೇ ರಾಜ, ಮಳೆ ಬಂದರೆ ಅದೇ ಯಮ.

ರಸ್ತೆಯ ಗೀರು ಅಡ್ಡಡ್ಡಲೋ, ಉದ್ದುದ್ದಲೋ ಎಂಬುದು ಹಳೆಯ ಜಗಳ. ಕ್ಯಾಲಿಫೋರ್ನಿಯಾದವರು ಉದ್ದಕ್ಕೆ ಕೊರೆದರು. ಸದ್ದು ಕಡಿಮೆ, ತಿರುವಿನಲ್ಲಿ ಕಾರು ಪಕ್ಕಕ್ಕೆ ಜಾರುವುದು ಕಡಿಮೆ. ಆದರೆ ಮೋಟಾರ್ ಸೈಕಲ್ಲಿನ ಸಪೂರ ಟೈರು ಆ ಗೀರಿನ ಬೆನ್ನು ಹತ್ತಿ ತೂಗಾಡುತ್ತದೆ, ಬಂಡಿ ಜಾಡಿಗೆ ಬಿದ್ದ ಚಕ್ರದ ಹಾಗೆ. ಬ್ರಿಟನ್ನಿನ ಕಾಂಕ್ರೀಟ್ ರಸ್ತೆಗಳಲ್ಲಿ ಅಡ್ಡ ಗೀರೇ ರೂಢಿ. ನೀರು ಹತ್ತಿರದ ಅಂಚಿಗೆ ಹರಿಯುತ್ತದೆ, ಬ್ರೇಕಿಗೆ ಒಳ್ಳೆಯದು. ಆದರೆ ಪ್ರತಿ ಗೀರೂ ಟೈರನ್ನು ಒಮ್ಮೆ ಬಡಿಯುತ್ತದೆ. 25 ಮಿಲಿಮೀಟರಿಗೊಂದು ಗೀರಿದ್ದು ನಾವು 70 ಮೈಲಿ ವೇಗದಲ್ಲಿ ಹೋದರೆ ಸೆಕೆಂಡಿಗೆ ಸುಮಾರು 1250 ಬಡಿತ. ಇದೇ ಆ ತಂಬೂರಿ! ಅದಕ್ಕೇ ಗೀರುಗಳ ನಡುವಿನ ಅಂತರವನ್ನು ಬೇಕೆಂದೇ ಏರುಪೇರು ಮಾಡುತ್ತಾರೆ. ಒಂದೇ ಶ್ರುತಿ ಒಡೆದು ಗುಜುಗುಜು ಆಗುತ್ತದೆ. ಡಾಂಬರು ರಸ್ತೆಗೆ ಈ ಗೀರು ಬೇಕಿಲ್ಲ. ಬಿಸಿ ಡಾಂಬರಿಗೆ ಒತ್ತಿದ ಜಲ್ಲಿಯ ಸಂದುಗಳೇ ನೀರಿಗೆ ದಾರಿ.

ಕಾರಿನೊಳಗಿನ ನಮಗೆ ಈ ಸದ್ದು ಹತ್ತು ನಿಮಿಷದ್ದು, ಪಕ್ಕದ ಮನೆಯವರಿಗೆ ಹಗಲೂ ರಾತ್ರಿಯೂ. ಸ್ಟೋಕ್‌ನಿಂದ ಡರ್ಬಿಗೆ ಹೋಗುವ ಎ 50ರಲ್ಲಿ ಡವರಿಡ್ಜ್ ಹಳ್ಳಿಯ ಜನ ಕಾಂಕ್ರೀಟ್ ರಸ್ತೆಯ ಸದ್ದಿನ ಬಗ್ಗೆ ದೂರಿದ್ದು ಪಾರ್ಲಿಮೆಂಟಿನವರೆಗೂ ಹೋಯಿತು. 2000ದಲ್ಲಿ ಸರ್ಕಾರ ಹತ್ತು ವರ್ಷದೊಳಗೆ ಕಾಂಕ್ರೀಟ್ ಹೆದ್ದಾರಿಗಳಿಗೆಲ್ಲ ಸದ್ದು ಕಡಿಮೆಯ ಹೊದಿಕೆ ಹಾಕುವುದಾಗಿ ಹೇಳಿತು. ಇಪ್ಪತ್ತು ವರ್ಷ ಕಳೆದರೂ ಕೆಲಸ ಉಳಿದೇ ಇತ್ತು. ಸುರಕ್ಷೆಗೆಂದು ಎಳೆದ ಗೀರು ಇನ್ನೊಬ್ಬರ ನಿದ್ದೆ ಕೆಡಿಸಿದರೆ ಯಾರ ಪರ ನಿಲ್ಲಬೇಕು? ಹೊದಿಕೆಗೆ ದುಡ್ಡು ಹಾಕುವುದೇ ಸರಿಯೆಂದು ನಮ್ಮ ಅನಿಸಿಕೆ. ನಮ್ಮ ನಾಡಿನಲ್ಲೂ 2015 ಮತ್ತು 2018ರಲ್ಲಿ ಶಿರಾಡಿ ಘಾಟಿಗೆ ಕಾಂಕ್ರೀಟ್ ಹಾಕಿದ್ದಾರೆ; ಅಲ್ಲಿನ ಆಷಾಢದ ಮಳೆಯ ಮುಂದೆ ಇಲ್ಲಿನದು ಬರೀ ತುಂತುರು.

ಟೈರಿನ ಗೀರಿನ ಆಳಕ್ಕೆ ಈ ದೇಶದಲ್ಲಿ ಕಾನೂನು ಬಂದದ್ದು 1968ರಲ್ಲಿ, ಆಗ 1 ಮಿಲಿಮೀಟರು. 1992ರ ಜನವರಿ 1ರಿಂದ ಅದು 1.6 ಮಿಲಿಮೀಟರು. 20 ಪೆನ್ಸ್ ನಾಣ್ಯವನ್ನು ಗೀರಿನೊಳಗೆ ನಿಲ್ಲಿಸಿ ನೋಡಿ. ನಾಣ್ಯದ ಅಂಚಿನ ಪಟ್ಟಿ ಹೊರಗೆ ಕಂಡರೆ ಟೈರನ್ನು ಗ್ಯಾರೇಜಿನಲ್ಲಿ ತೋರಿಸಬೇಕು. ಮುಂದಿನ ಕಾರ್ಯಕ್ರಮಕ್ಕೆ ಹೊರಡುವ ಮುನ್ನ ನಾಲ್ಕು ಚಕ್ರಕ್ಕೂ ಸೇರಿ ಎರಡು ನಿಮಿಷದ ಕೆಲಸ. ಹಾಗೆಯೇ ಎಂ 6ರಲ್ಲಿ ಸ್ಪಗೆಟ್ಟಿ ಜಂಕ್ಷನ್ ಹತ್ತಿರ ಬಂದಾಗ ಫೋರ್ಟ್ ಡನ್‌ಲಪ್ ಕಟ್ಟಡವನ್ನು ಮಕ್ಕಳಿಗೆ ತೋರಿಸಿ. ರೇಸಿನ ಟೈರುಗಳ ತಯಾರಿಕೆ ಆ ಆವರಣದಲ್ಲಿ 2014ರವರೆಗೂ ನಡೆದಿತ್ತು. ಹಳೆಯ ದೊಡ್ಡ ಉಗ್ರಾಣ 2006ರಿಂದ ಕಚೇರಿ, ಹೋಟೆಲುಗಳಾಗಿದೆ.