ಕಲ್ಯಾಣದ ಬಾಗಿಲು ವಸಯಿಯಲ್ಲಿತ್ತು

ಕಲ್ಯಾಣ ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಬಸವಣ್ಣನವರ ಕಲ್ಯಾಣ. ಡೊಂಬಿವಲಿಯ ಕನ್ನಡಿಗರು ದಿನವೂ ಲೋಕಲ್ ರೈಲಿನ ಬೋರ್ಡಿನಲ್ಲಿ ಓದುವುದು ಇನ್ನೊಂದು ಕಲ್ಯಾಣ. ಕಡಲಿನಿಂದ ಇಷ್ಟು ಒಳಗಿರುವ ಈ ಊರು ಒಂದು ಕಾಲಕ್ಕೆ ದೊಡ್ಡ ಬಂದರು ಎಂದರೆ ನಂಬುವುದು ಕಷ್ಟ.

ಗುಟ್ಟಿರುವುದು ಉಬ್ಬರದಲ್ಲಿ. ಘಟ್ಟದಿಂದಿಳಿದ ಉಲ್ಹಾಸ್ ನದಿ ಕಲ್ಯಾಣದ ಬಳಿ ಕಾಳು–ಭಾತ್ಸಾ ನದಿಗಳ ನೀರನ್ನೂ ಕೂಡಿಕೊಂಡು, ಠಾಣೆಯನ್ನು ಬಳಸಿ ವಸಯಿಯಲ್ಲಿ ಕಡಲು ಸೇರುತ್ತದೆ. ಈ ಕರಾವಳಿಯಲ್ಲಿ ಅಮಾವಾಸ್ಯೆ–ಹುಣ್ಣಿಮೆಗೆ ನೀರು 4–5 ಮೀಟರ್ ಏರಿಳಿಯುತ್ತದೆ. ಉಬ್ಬರದೊಡನೆ ಒಳಗೆ, ಇಳಿತದೊಡನೆ ಹೊರಗೆ. ಗಾಳಿ ಕೈಕೊಟ್ಟರೂ ನೀರು ಕೈಬಿಡುತ್ತಿರಲಿಲ್ಲ.

ಹೂಳು ತುಂಬಿ ಬಂದರು ಸತ್ತಿತು ಎಂಬ ಮಾತು ಸುಲಭ. ಆದರೆ 1ನೆಯ ಶತಮಾನದ ಗ್ರೀಕ್ ನಾವಿಕ ಕೈಪಿಡಿ ‘ಪೆರಿಪ್ಲಸ್’ ಬೇರೆಯೇ ಕತೆ ಹೇಳುತ್ತದೆ. ಹಿರಿಯ ಸರಗನಸ್‌ನ ಕಾಲದಲ್ಲಿ ಕಲ್ಲಿಯೇನ ಅಧಿಕೃತ ಪೇಟೆಯಾಗಿತ್ತು; ಸಂದನೇಸ್ ಅದನ್ನು ಹಿಡಿದ ಮೇಲೆ ಅಲ್ಲಿಗೆ ಬಂದ ಗ್ರೀಕ್ ಹಡಗುಗಳನ್ನು ಕಾವಲಿನಲ್ಲಿ ಭರೂಚಿಗೆ ಕಳಿಸುತ್ತಿದ್ದರಂತೆ. ಅಡ್ಡಿಯಾದದ್ದು ಕೆಸರಲ್ಲ, ರಾಜಕಾರಣ. ಬಂದರೂ ಅಲ್ಲಿಗೇ ಮುಗಿಯಲಿಲ್ಲ: 6ನೆಯ ಶತಮಾನದಲ್ಲಿ ಕಾಸ್ಮಸ್ ಹೇಳುವ ಕಲ್ಲಿಯಾನ ಇದೇ ಎಂದು ಹಲವು ವಿದ್ವಾಂಸರ ಮತ. ಅಲ್ಲಿಂದ ಬಟ್ಟೆ, ಮರ ಹೊರಗೆ ಹೋಗುತ್ತಿದ್ದವು.

1657ರಲ್ಲಿ ಶಿವಾಜಿ ಕಲ್ಯಾಣ–ಭಿವಂಡಿಯನ್ನು ಗೆದ್ದದ್ದು ನಮ್ಮ ಬಿಜಾಪುರದ ಆದಿಲಶಾಹಿಯಿಂದ. ಕೂಡಲೇ ಹಡಗು ಕಟ್ಟುವ ಕೆಲಸ ಶುರುವಾಯಿತು. ಭಿವಂಡಿ, ಕಲ್ಯಾಣ, ಪನ್ವೇಲ್‌ಗಳಲ್ಲಿ ಹಡಗುಗಳು ಸಿದ್ಧವಾಗುತ್ತಿವೆ ಎಂಬ ಆತಂಕ 1659ರ ಪೋರ್ಚುಗೀಸ್ ಕಾಗದದಲ್ಲಿದೆ. ಆತಂಕಕ್ಕೆ ಕಾರಣವೂ ಇತ್ತು. ಒಳಗೆ ಎಷ್ಟೇ ಹಡಗು ಕಟ್ಟಿದರೂ ಕಡಲಿಗಿಳಿಯುವ ಬಾಗಿಲು ವಸಯಿಯಲ್ಲಿ, ಅದರ ಕೀಲಿ ಪೋರ್ಚುಗೀಸರ ಕೈಯಲ್ಲಿ. ಕಲ್ಯಾಣದಲ್ಲಿ ದುಡಿಯುತ್ತಿದ್ದ ಪೋರ್ಚುಗೀಸ್ ಹಡಗು ಕುಶಲಿ ರೂಯ್ ಲೈತಾಂವ್ ವಿಯೆಗಸ್, ತನ್ನವರ ಒತ್ತಾಯಕ್ಕೆ ಕೆಲಸ ಬಿಟ್ಟು ಹೊರಟುಹೋದ. ಮರಾಠರು ವಸಯಿಯನ್ನು ಗೆದ್ದದ್ದು 1739ರಲ್ಲಿ. ಅಷ್ಟರಲ್ಲಿ ವ್ಯಾಪಾರ ಮುಂಬಯಿಯತ್ತ ವಾಲಿತ್ತು.

ಮುಂದಿನದು ರೈಲಿನ ಕತೆ. 1853ರಲ್ಲಿ ಠಾಣೆಗೆ, ಮರುವರ್ಷ ಖಾಡಿ ದಾಟಿ ಕಲ್ಯಾಣಕ್ಕೆ. ಉಬ್ಬರಕ್ಕೆ ಕಾಯದ ವಾಹನದ ಮುಂದೆ ದೋಣಿಗೆ ಉಳಿದದ್ದು ಮರಳಿನಂಥ ಭಾರದ ಸರಕು. ಹಲವು ರೇತಿ ಬಂದರುಗಳ ಹೆಸರೇ ಅದಕ್ಕೆ ಸಾಕ್ಷಿ.

2016ರ ಕಾಯ್ದೆ ವಸಯಿ ಖಾಡಿ–ಉಲ್ಹಾಸ್ ಹಾದಿಯನ್ನು ರಾಷ್ಟ್ರೀಯ ಜಲಮಾರ್ಗ 53 ಎಂದು ಘೋಷಿಸಿತು. ಹಳೆಯ ಪ್ರಶ್ನೆ ಮತ್ತೆ ಎದ್ದಿದೆ: ಆಳ ಎಷ್ಟು? ಠಾಣೆ ಖಾಡಿಯ ತಲೆಭಾಗ ಕಿರಿದು, ಅಲ್ಲಿ ನೀರು ಮಂದಗತಿಯದು, ಹೂಳು ತಂಗುತ್ತದೆ. ಉಲ್ಹಾಸ್‌ಗೋ ನಗರಗಳ ಚರಂಡಿ, ಕಾರ್ಖಾನೆಗಳ ಕೊಳೆ. ಹೂಳೆತ್ತುವ ಮೊದಲು ಆ ಕೆಸರಿನಲ್ಲಿ ಏನಿದೆ ಎಂದೂ ಅಳೆಯಬೇಕು. ಎತ್ತಿದ್ದನ್ನು ಎಲ್ಲಿ ಸುರಿಯುತ್ತಾರೆ ಎಂದು ದಡದ ಕೋಳಿ ಮೀನುಗಾರರು ಕೇಳಿಯೇ ಕೇಳುತ್ತಾರೆ.