ಐಗಳ ಜಗಲಿಯಿಂದ ಸಾಲೆಯ ಹೊಸ್ತಿಲಿಗೆ

ಪ್ರಾಥಮಿಕ ಶಾಲೆಯೆಂದೊಡನೆ ಇಂದಿನವರ ಕಣ್ಣೆದುರಿಗೆ ಬಂದು ನಿಲ್ಲುವುದು ಒಂದು ಕಟ್ಟಡ: ಹೆಂಚಿನ ಮಾಡು, ಮುಂದೊಂದು ಪಡಸಾಲೆ, ಗೋಡೆಯ ಮೇಲೆ ಭೂಪಟ, ಮೂಲೆಯಲ್ಲಿ ಕರಿಹಲಗೆ, ಬಾಗಿಲ ಬಳಿಯ ಗಂಟೆ. ಆದರೆ ಕನ್ನಡ ನಾಡಿನಲ್ಲಿ ಶಾಲೆಗೆ ತನ್ನದೇ ಆದ ಮನೆಯೊಂದು ದೊರೆತುದು ಬಹಳ ಹಿಂದಿನ ಮಾತಲ್ಲ. ಅದಕ್ಕೆ ಮೊದಲು ಅದು ಗುಡಿಯ ಪ್ರಾಂಗಣದಲ್ಲಿಯೋ, ಮಠದ ಮೊಗಸಾಲೆಯಲ್ಲಿಯೋ, ಊರ ಗೌಡನ ಜಗಲಿಯ ಮೇಲೆಯೋ ಕೂಡುತ್ತಿತ್ತು. ಐಗಳ ಮಠ, ಕೂಲಿಮಠ, ಗಾವಟಿ ಸಾಲೆ ಎಂಬ ಹೆಸರುಗಳೆಲ್ಲ ಅದರವೇ. ಜಗಲಿಯನ್ನು ಬಿಟ್ಟು ಹೊಸ ಮನೆಯನ್ನು ಹೊಕ್ಕಾಗ ವಿದ್ಯೆಗೆ ಏನು ಲಾಭವಾಯಿತು, ಏನು ನಷ್ಟವಾಯಿತು, ಆ ಮನೆಯ ಬಾಗಿಲು ಯಾರಿಗೆ ತೆರೆಯಿತು ಎಂಬುದು ವಿಚಾರಾರ್ಹವಾದ ವಿಷಯವು.

ಹಳೆಯ ಮಠಗಳ ಸ್ಥಿತಿಯನ್ನು ತಿಳಿಯುವುದಕ್ಕೆ ಒಂದು ಉತ್ತಮವಾದ ಆಧಾರವುಂಟು. 1822ರಲ್ಲಿ ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ತನ್ನ ಆಧಿಪತ್ಯದ ಎಲ್ಲ ಜಿಲ್ಲೆಗಳಲ್ಲಿಯೂ ಶಾಲೆಗಳೆಷ್ಟು, ಓದುವವರೆಷ್ಟು ಎಂದು ಲೆಕ್ಕ ತರಿಸಿದನು. ಬಳ್ಳಾರಿಯ ಕಲೆಕ್ಟರನಾಗಿದ್ದ ಎ. ಡಿ. ಕ್ಯಾಂಬೆಲ್ಲನು 1823ರ ಆಗಸ್ಟ್ 17ರಂದು ಕಳುಹಿದ ವರದಿಯು ಬರಿಯ ಲೆಕ್ಕವಾಗಿರದೆ ಅಂದಿನ ಶಾಲೆಯ ಸಜೀವ ಚಿತ್ರವೇ ಆಗಿದೆ. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳಿದ್ದುವು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಸಂಸ್ಕೃತ, ಮರಾಠಿ, ಪಾರಸಿ, ತಮಿಳುಗಳವು ಉಳಿದವು. ಇಂಗ್ಲಿಷಿನದು ಒಂದೇ ಒಂದು. ಓದುವ ಮಕ್ಕಳು ಒಟ್ಟು 6,641. ಎಂದರೆ ಒಂದೊಂದು ಶಾಲೆಗೆ ಹನ್ನೆರಡು ಹದಿಮೂರು ಮಂದಿ. ಜಗಲಿಯ ಮೇಲೆ ಹಿಡಿಸುವಷ್ಟೇ ಮಕ್ಕಳು! ಇವರಲ್ಲಿ ಬ್ರಾಹ್ಮಣರ ಹುಡುಗರು 1,185, ವೈಶ್ಯರು 981, ಶೂದ್ರರೆಂದು ಬರೆಯಲ್ಪಟ್ಟವರು 2,998, ಇತರ ಜಾತಿಗಳವರು 1,174, ಮುಸಲ್ಮಾನರು 243. ಹುಡುಗಿಯರು ಮಾತ್ರ ಅರವತ್ತೇ ಮಂದಿ.

ಮಗುವಿಗೆ ಐದು ತುಂಬುತ್ತಲೆ ಅಕ್ಷರಾಭ್ಯಾಸ. ಆ ದಿನ ಐಗಳೂ ಮಠದ ಮಕ್ಕಳೆಲ್ಲರೂ ಹೊಸ ಶಿಷ್ಯನ ಮನೆಗೇ ಬರುವರು. ಗಣಪತಿಯ ವಿಗ್ರಹದ ಸುತ್ತ ಮಕ್ಕಳು ಕೂಡುವರು. ಮಗುವನ್ನು ವಿಗ್ರಹದ ಎದುರಿಗೆ ಕೂಡಿಸಿ, ಪೂಜೆ ಪ್ರಾರ್ಥನೆಗಳಾದ ತರುವಾಯ ಐಗಳು ಅದರ ಬೆರಳನ್ನು ಹಿಡಿದು ಅಕ್ಕಿಯಲ್ಲಿ ದೇವರ ನಾಮವನ್ನು ಬರೆಯಿಸುವರು. ಶಾಲೆಯು ಮಗುವನ್ನು ಕರೆಯಲು ಮನೆಗೆ ಬರುತ್ತಿತ್ತೆಂಬ ಈ ಮಾತನ್ನು ಮರೆಯತಕ್ಕುದಲ್ಲ.

ಮರುದಿನದಿಂದ ಕಟ್ಟುನಿಟ್ಟು. ಬೆಳಗಿನ ಆರು ಗಂಟೆಗೇ ಮಠವು ತೆರೆಯುವುದು. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರನ್ನು ಬರೆಯುವರು, ಅದೇ ಬಹುಮಾನ. ಎರಡನೆಯವನಿಗೆ ಒಂದು ಸೊನ್ನೆ. ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಂತೆಲ್ಲ ಪೆಟ್ಟುಗಳು ಏರುವುವು. ಗಡಿಯಾರವಿಲ್ಲದ ಊರಿನಲ್ಲಿ ಹೊತ್ತನ್ನು ಕಲಿಸುವ ಉಪಾಯವಿದು. ಸೋಮಾರಿಗಳಿಗೂ ತುಂಟರಿಗೂ ಇದಕ್ಕಿಂತ ಕಠಿನವಾದ ಶಿಕ್ಷೆಗಳಿದ್ದುವು. ಕೈಗಳನ್ನು ಕಟ್ಟಿ ಮಾಡಿನ ತೊಲೆಗೆ ತೂಗಹಾಕುವುದನ್ನು ಜನರು ಕೋದಂಡವೆಂದು ಕರೆಯುತ್ತಿದ್ದರು. ಬಸ್ಕಿ ಹೊಡೆಯಿಸುವುದು ಸರ್ವಸಾಧಾರಣ. ಹಳೆಯ ಮಠವನ್ನು ಹೊಗಳುವವರು ಈ ಕೋದಂಡವನ್ನು ಮರೆಯಬಾರದು.

ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತಿದ್ದುವುದು. ಅದು ಕೈಗೆ ಹತ್ತಿದ ಮೇಲೆ ಹಲಗೆ, ಆ ಬಳಿಕ ಕಡತ. ಕಡತವೆಂದರೆ ಅಕ್ಕಿಯ ಗಂಜಿಯಲ್ಲಿ ಬಿರುಸುಗೊಳಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಕೆಮಡಿಕೆಯಾಗಿ ಮಡಿಸಿ, ಇದ್ದಿಲು ಮತ್ತು ಅಂಟುಗಳ ಲೇಪವನ್ನು ಅದಕ್ಕೆ ಹಚ್ಚಿ ಕಪ್ಪಾಗಿಸಿದುದು. ಅದರ ಮೇಲೆ ಬಳಪದಿಂದ ಬರೆಯುವುದು, ಒದ್ದೆಯ ಬಟ್ಟೆಯಿಂದ ಒರಸುವುದು. ಕಾಗುಣಿತ, ಒತ್ತಕ್ಷರ, ಮಗ್ಗಿ, ಊರುಗಳ ಮತ್ತು ಮನುಷ್ಯರ ಹೆಸರುಗಳು, ಕಾಗದಪತ್ರಗಳ ಒಕ್ಕಣೆ, ಇವೆಲ್ಲ ಆ ಕಪ್ಪು ಬಟ್ಟೆಯ ಮೇಲೆಯೇ ಮೂಡಿ ಅಳಿಯುತ್ತಿದ್ದುವು. ಮುಂದೆ ಸ್ಲೇಟು ಬಂದಿತು, ಗೋಡೆಯ ಕರಿಹಲಗೆ ಬಂದಿತು; ಬಳಪವೆಂಬ ಮಾತು ಮಾತ್ರ ಇಂದಿಗೂ ಮಕ್ಕಳ ಬಾಯಲ್ಲಿ ಉಳಿದಿದೆ.

ಈ ಮಠಗಳಲ್ಲಿ ಕ್ಯಾಂಬೆಲ್ಲನಿಗೆ ಬಹಳವಾಗಿ ಮೆಚ್ಚಿಗೆಯಾದ ಗುಣವು ಮತ್ತೊಂದು. ಮಕ್ಕಳನ್ನು ಅವರವರ ಕಲಿಕೆಗನುಸಾರವಾಗಿ ನಾಲ್ಕು ತಂಡಗಳನ್ನಾಗಿ ಮಾಡಿ, ಕೆಳಗಿನ ತಂಡಗಳನ್ನು ಮುಂದುವರಿದ ಶಿಷ್ಯರಿಗೆ ಒಪ್ಪಿಸುತ್ತಿದ್ದರು. ಹಿರಿಯ ಹುಡುಗನು ಕಿರಿಯನಿಗೆ ಹೇಳಿಕೊಡುವನು. ಹೇಳಿಕೊಡುತ್ತ ತಾನೂ ಗಟ್ಟಿಯಾಗುವನು. ವೆಚ್ಚವು ಅತ್ಯಲ್ಪ, ಫಲವು ಅಧಿಕ. ಇಂಗ್ಲೆಂಡಿನವರು ಇದನ್ನು ಅನುಕರಿಸಿದುದು ತಕ್ಕುದೇ ಎಂದು ಆತನು ಮುಕ್ತಕಂಠದಿಂದ ಒಪ್ಪಿಕೊಂಡಿದ್ದಾನೆ. ಆ ಅನುಕರಣವನ್ನು ಮಾಡಿದವನು ಆಂಡ್ರೂ ಬೆಲ್ ಎಂಬ ಪಾದ್ರಿ. ಆತನು ಮದರಾಸಿನ ಎಗ್ಮೋರಿನ ಅನಾಥಾಲಯದಲ್ಲಿದ್ದಾಗ ಈ ದೇಶದ ಮಕ್ಕಳು ಮರಳಿನಲ್ಲಿ ಬರೆಯುತ್ತಿದ್ದುದನ್ನು ಕಂಡು, ಆ ರೀತಿಯನ್ನು ತನ್ನ ಶಾಲೆಯಲ್ಲಿ ನಡೆಯಿಸಿ, 1797ರಲ್ಲಿ ಲಂಡನ್ನಿನಲ್ಲಿ ಅದರ ವೃತ್ತಾಂತವನ್ನು ಪ್ರಕಟಿಸಿದನು. ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಇದೇ ‘ಮದರಾಸು ಪದ್ಧತಿ’ ಎಂಬ ಹೆಸರಿನಿಂದ ಹಬ್ಬಿತು.

ದೋಷಗಳನ್ನೂ ಕ್ಯಾಂಬೆಲ್ಲನು ಮುಚ್ಚಿಡಲಿಲ್ಲ. ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅಮರ, ಶಬ್ದಮಣಿದರ್ಪಣ ಮೊದಲಾದ ಗ್ರಂಥಗಳು ಮಠಗಳಲ್ಲಿ ಓದಲ್ಪಡುತ್ತಿದ್ದುವು. ಆದರೆ ಆಡುವ ನುಡಿಗೂ ಕಾವ್ಯದ ನುಡಿಗೂ ಬಹು ಅಂತರವಿದ್ದುದರಿಂದ ಹುಡುಗರು ಅರ್ಥವನ್ನರಿಯದೆ ಗಿಣಿಗಳಂತೆ ಒಪ್ಪಿಸುತ್ತಿದ್ದರೆಂದು ಆತನ ದೂರು. ಪ್ರತಿಗಳೂ ತಪ್ಪುಗಳಿಂದ ತುಂಬಿದ್ದುವು. ಇದಕ್ಕಿಂತಲೂ ದೊಡ್ಡ ಕೊರತೆ ಬಡತನ. ಸೀಮೆಯ ಬಟ್ಟೆ ಬಂದು ಈ ದೇಶದ ನೇಯ್ಗೆಯು ಕುಂದಿ, ಜನರಿಗೆ ಐಗಳ ಕೂಲಿಯನ್ನು ಕೊಡುವ ಶಕ್ತಿಯಿಲ್ಲದೆ, ಹಿಂದೆ ಮಠವಿದ್ದ ಅನೇಕ ಊರುಗಳಲ್ಲಿ ಈಗ ಒಂದೂ ಇಲ್ಲವೆಂದು ಆತನು ತನ್ನ ಸರಕಾರಕ್ಕೇ ಬರೆದನು. ಮೇಲಾಗಿ ಜಗಲಿಯೆಂಬುದು ಒಬ್ಬ ಯಜಮಾನನ ಸೊತ್ತು. ಅದರ ಮೇಲೆ ಯಾರು ಕೂಡಬಹುದು, ಯಾರು ಕೂಡಬಾರದು ಎಂಬುದು ಅವನ ಚಿತ್ತಕ್ಕೂ ಊರಿನ ಕಟ್ಟಿಗೂ ಸೇರಿದ ಮಾತು. ಅದನ್ನು ಪ್ರಶ್ನಿಸುವ ಅಧಿಕಾರವು ಬೀದಿಯಲ್ಲಿ ನಿಂತ ಹುಡುಗನಿಗಿರಲಿಲ್ಲ.

1854ರಲ್ಲಿ ಕಂಪನಿ ಸರಕಾರದ ವಿದ್ಯಾನಿರೂಪವು ವಿಲಾಯತಿಯಿಂದ ಬಂದಿತು. ವಿದ್ಯಾ ಇಲಾಖೆಗಳು ಹುಟ್ಟಿದುವು. ದೇಶಭಾಷೆಯ ಶಾಲೆಗಳನ್ನು ಹೆಚ್ಚಿಸುವುದು ಸರಕಾರದ ಕರ್ತವ್ಯವೆಂದು ಸಾರಲಾಯಿತು. ಈಗ ಶಾಲೆಗೆ ಯಜಮಾನನು ಯಾರೊಬ್ಬನೂ ಅಲ್ಲ, ಸರಕಾರ. ಹಾಗಾದರೆ ಅದರ ಹೊಸ್ತಿಲನ್ನು ದಾಟಲು ಯಾರಿಗೆ ಹಕ್ಕುಂಟು? ಈ ಪ್ರಶ್ನೆಯನ್ನು ಮೊತ್ತಮೊದಲು ಕೇಳಿದವನು ಪಂಡಿತನಲ್ಲ, ಅಧಿಕಾರಿಯಲ್ಲ. ಧಾರವಾಡದ ಒಬ್ಬ ಮಹಾರ ಬಾಲಕ.

1856ರ ಜೂನ್ ತಿಂಗಳಲ್ಲಿ ಆ ಬಾಲಕನು ಮುಂಬಯಿ ಸರಕಾರಕ್ಕೆ ಅರ್ಜಿಯನ್ನು ಮಾಡಿಕೊಂಡನು. ನಿಯಮದಂತೆ ಫೀಯನ್ನು ಕೊಡಲು ತಾನು ಸಿದ್ಧನಿದ್ದರೂ ಧಾರವಾಡದ ಸರಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲವೆಂಬುದೇ ಅವನ ದೂರು. ಮುಂಬಯಿ ಸರಕಾರವು ಜುಲೈ 21ರಂದು ಕೊಟ್ಟ ಉತ್ತರವು ಗಮನಿಸತಕ್ಕುದು. ನ್ಯಾಯವು ಅರ್ಜಿದಾರನ ಕಡೆಗಿದೆಯೆಂಬುದರಲ್ಲಿ ಸಂದೇಹವಿಲ್ಲವೆಂದು ಅದು ಒಪ್ಪಿಕೊಂಡಿತು. ಆದರೆ ಯುಗಯುಗಾಂತರಗಳಿಂದ ಬಂದ ಭಾವನೆಗಳನ್ನು ಒಬ್ಬಿಬ್ಬರಿಗಾಗಿ ಒಮ್ಮೆಲೆ ಕೆದಕಿದರೆ ವಿದ್ಯಾಪ್ರಸಾರಕ್ಕೇ ಹಾನಿಯಾದೀತು; ಅವನ ಕೊರತೆಯನ್ನು ಈ ಸರಕಾರವು ಉಂಟುಮಾಡಿದುದಲ್ಲ, ಆದುದರಿಂದ ತಟ್ಟನೆ ನೀಗಿಸಲಾರದು ಎಂದು ಹೇಳಿ ಅರ್ಜಿಯನ್ನು ತಿರಸ್ಕರಿಸಿತು. ನ್ಯಾಯವು ನಿನ್ನದು, ಶಾಲೆಯು ನಿನ್ನದಲ್ಲ ಎಂಬುದೇ ಇದರ ತಾತ್ಪರ್ಯವಲ್ಲವೆ?

ಅಷ್ಟಕ್ಕೇ ಮಾತು ಮುಗಿಯಲಿಲ್ಲ. ಕಲಕತ್ತೆಯ ಹಿರಿಯ ಸರಕಾರವು 1857ರ ಜನವರಿ 23ರಂದು ಬರೆದ ಪತ್ರದಲ್ಲಿ, ಬಂಗಾಳದ ಸರಕಾರಿ ಶಾಲೆಯಾಗಿದ್ದರೆ ಈ ಹುಡುಗನನ್ನು ಹೊರಗೆ ನಿಲ್ಲಿಸುತ್ತಿರಲಿಲ್ಲವೆಂದು ತಿಳಿಸಿತು. 1858ರ ಏಪ್ರಿಲ್ 28ರಂದು ಕಂಪನಿಯ ನಿರ್ದೇಶಕ ಮಂಡಲಿಯು, ಸರಕಾರದ ವಿದ್ಯಾಶಾಲೆಗಳು ಸರ್ವ ವರ್ಗಗಳಿಗೂ ತೆರೆದಿರಬೇಕೆಂಬುದೇ ತನ್ನ ಅಭಿಪ್ರಾಯವೆಂದು ನಿರ್ಧರಿಸಿತು. ಒಬ್ಬ ಬಾಲಕನ ಅರ್ಜಿಯು ಧಾರವಾಡದಿಂದ ಮುಂಬಯಿಗೆ, ಮುಂಬಯಿಯಿಂದ ಕಲಕತ್ತೆಗೆ, ಅಲ್ಲಿಂದ ಲಂಡನ್ನಿಗೆ ಹೋಗಿ ಒಂದು ತತ್ತ್ವವಾಗಿ ಹಿಂದಿರುಗಿತು.

ಊರೂರಿಗೆ ಹೊಸ ಸಾಲೆಗಳು ಬಂದುದು ಇದಾದ ಮೇಲೆಯೇ. ಮುಂಬಯಿ ಆಧಿಪತ್ಯದಲ್ಲಿ 1860ರ ದಶಕದಿಂದ ರೈತನ ಕಂದಾಯದ ರೂಪಾಯಿಗೆ ಒಂದು ಆಣೆಯ ಪಟ್ಟಿಯನ್ನು ಎತ್ತಿ, ಅದರ ಮೂರರಲ್ಲೊಂದು ಪಾಲನ್ನು ಶಾಲೆಗಳಿಗೆ ಮೀಸಲಿಟ್ಟರು. ಮೈಸೂರಿನಲ್ಲಿ 1868ರಲ್ಲಿ ಲೂಯಿಸ್ ರೈಸರ ಹೋಬಳಿ ಶಾಲೆಗಳ ಯೋಜನೆಯು ಬಂದಿತು. ಹೋಬಳಿಗೊಂದು ಶಾಲೆ, ಮನೆಯನ್ನು ಒದಗಿಸುವ ಭಾರ ಊರವರದು. ಧಾರವಾಡದ ಕಡೆಯಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಮರಾಠಿಯು ಆಳುತ್ತಿದ್ದ ಶಾಲೆಗಳಲ್ಲಿ ಕನ್ನಡವನ್ನು ನೆಲೆಗೊಳಿಸಲು ಹೆಣಗಿದರು. ಹೊಸ ಮನೆಯಾದರೂ ಅದರೊಳಗಿನ ಮಾತು ಮಗುವಿನ ತಾಯಿಯ ಮಾತಾಗದಿದ್ದರೆ ಫಲವೇನು?

ಹೊಸ ಮನೆಯು ಕಲಿಕೆಯ ರೀತಿಯನ್ನೇ ಬದಲಾಯಿಸಿತು. ಅಂಗೈಯ ಸರಸ್ವತಿಯ ಸ್ಥಾನಕ್ಕೆ ಹಾಜರಿಯ ಪುಸ್ತಕ ಬಂದಿತು. ಹೊತ್ತನ್ನು ಗಂಟೆಯು ಹೇಳಿತು. ಕಾಗುಣಿತದಿಂದ ಪುರಾಣಕ್ಕೆ ಒಂದೇ ಹಾರಿಕೆಯಾಗಿದ್ದುದು ಹೋಗಿ, ಒಂದನೆಯ, ಎರಡನೆಯ, ಮೂರನೆಯ ಪುಸ್ತಕವೆಂದು ಅಚ್ಚಾದ ಮೆಟ್ಟಿಲುಗಳಾದುವು. ಅವು ಗದ್ಯದಲ್ಲಿದ್ದುದರಿಂದ ಮಗುವು ಓದಿದುದನ್ನು ತಿಳಿಯಲೂ ಆರಂಭಿಸಿತು. ಭೂಪಟವು ತನ್ನ ಊರಿನಾಚೆಗೂ ನಾಡುಂಟೆಂದು ತೋರಿಸಿತು. ವರ್ಷಕ್ಕೊಮ್ಮೆ ಇನ್ಸ್ಪೆಕ್ಟರ ಸಾಹೇಬರ ತನಿಖೆ. ಅಂದು ಹುಡುಗರಿಗಿಂತ ಮಾಸ್ತರರಿಗೇ ಹೆಚ್ಚಿನ ನಡುಕ. ಇವೆಲ್ಲ ಲಾಭಗಳೇ ಸರಿ. ನಷ್ಟವೆಂದರೆ, ತರಗತಿಗೂ ತರಗತಿಗೂ ನಡುವೆ ಗೋಡೆಯೆದ್ದಾಗ ಹಿರಿಯನು ಕಿರಿಯನಿಗೆ ಹೇಳಿಕೊಡುವ ಸಂಪ್ರದಾಯವು ಹಿಂದೆ ಬಿದ್ದಿತು. ಒಬ್ಬನೇ ಉಪಾಧ್ಯಾಯನಿದ್ದ ಹಳ್ಳಿಯ ಸಾಲೆಗಳಲ್ಲಿ ಮಾತ್ರ ಅನಿವಾರ್ಯದಿಂದ ಅದು ಬದುಕಿಕೊಂಡಿತು.

ಆದರೆ ತತ್ತ್ವವು ಲಂಡನ್ನಿನಿಂದ ಬಂದರೂ ಪಡಸಾಲೆಯಿಂದ ಒಳಗಿನ ಕೋಣೆಗೆ ಹೋಗಲು ದಶಕಗಳೇ ಹಿಡಿದುವು. 1882ರ ವಿದ್ಯಾ ಆಯೋಗವು ಜಾತಿಯ ಕಾರಣದಿಂದ ಯಾರನ್ನೂ ಸರಕಾರಿ ಶಾಲೆಯಿಂದ ಹೊರಗಿಡಬಾರದೆಂದು ಮತ್ತೊಮ್ಮೆ ಹೇಳಿತು. ಜತೆಯಲ್ಲಿಯೇ ಎಚ್ಚರಿಕೆಯಿಂದ ನಡೆಯಿರೆಂದೂ ಹೇಳಿತು. ಆ ಎಚ್ಚರಿಕೆಯೇ ಅನೇಕ ಕಡೆಗಳಲ್ಲಿ ನೆಪವಾಯಿತು. ಅದೇ ಮುಂಬಯಿ ಆಧಿಪತ್ಯದ ಸಾತಾರೆಯಲ್ಲಿ ಓದುತ್ತಿದ್ದ ಬಾಲಕ ಭೀಮರಾವ್ ಅಂಬೇಡಕರರು ಮನೆಯಿಂದ ತಂದ ಗೋಣಿಯ ತಟ್ಟಿನ ಮೇಲೆ ಬೇರೆಯಾಗಿ ಕುಳಿತರು. ಜವಾನನು ನಲ್ಲಿಯನ್ನು ತಿರುಗಿಸಿದರೆ ಉಂಟು, ಇಲ್ಲವಾದರೆ ನೀರಿಲ್ಲ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು (1859–1928) ಈ ಮಕ್ಕಳಿಗಾಗಿಯೇ 1892ರಲ್ಲಿ ಶಾಲೆಯನ್ನು ತೆರೆದು ಸ್ವಜನರ ಬಹಿಷ್ಕಾರವನ್ನು ಸಹಿಸಬೇಕಾಯಿತು. ತೆರೆದ ಬಾಗಿಲುಗಳು ನಿಜವಾಗಿ ತೆರೆದಿದ್ದರೆ ಬೇರೆ ಶಾಲೆಯ ಆವಶ್ಯಕತೆಯೇ ಬರುತ್ತಿರಲಿಲ್ಲ.

1928ರಲ್ಲಿ ಸೈಮನ್ ಆಯೋಗದ ಮುಂದೆ ದಲಿತ ವರ್ಗಗಳ ವಿದ್ಯಾಭ್ಯಾಸದ ಸ್ಥಿತಿಯನ್ನು ನಿವೇದಿಸುವಾಗ ಅಂಬೇಡಕರರು ಧಾರವಾಡದ ಆ ಅರ್ಜಿಯನ್ನು ಕಡತಗಳಿಂದ ಹೊರತೆಗೆದು ತೋರಿಸಿದರು. ಗೋಣಿಯ ತಟ್ಟಿನ ಮೇಲೆ ಕುಳಿತಿದ್ದ ಹುಡುಗನೇ ಹೊಸ್ತಿಲಾಚೆ ನಿಂತಿದ್ದ ಹುಡುಗನ ವಕೀಲನಾದಂತಾಯಿತು. 1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನವು, ಅವರೇ ಕರಡು ಸಮಿತಿಯ ಅಧ್ಯಕ್ಷರಾಗಿ ರಚನೆಗೆ ದುಡಿದುದು, ತನ್ನ 29ನೆಯ ವಿಧಿಯಲ್ಲಿ ಸರಕಾರದ ಹಣದಿಂದ ನಡೆಯುವ ಶಾಲೆಯು ಜಾತಿ, ಮತ, ಭಾಷೆಗಳ ಕಾರಣದಿಂದ ಯಾರಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದು ವಿಧಿಸಿತು. 2010ರ ಏಪ್ರಿಲ್ 1ರಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವು ಹಕ್ಕೇ ಆಗಿದೆ.

ಹಳೆಯ ಮಠದ ಗುಣವೂ ಬೇರೆ ರೂಪದಿಂದ ಮರಳಿ ಬಂದಿತು. 1995ರಲ್ಲಿ ಹೆಗ್ಗಡದೇವನಕೋಟೆಯ ಹಳ್ಳಿಗಳಲ್ಲಿ ಪ್ರಾರಂಭವಾದ ‘ನಲಿ ಕಲಿ’ ಎಂಬ ಕ್ರಮದಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ತಂಡಗಳಾಗಿ ನೆಲದ ಮೇಲೆ ಕುಳಿತು ಒಬ್ಬರಿಂದೊಬ್ಬರು ಕಲಿಯುತ್ತಾರೆ. ಕೋದಂಡವು ಮಾತ್ರ ಮರಳಿ ಬರಲಿಲ್ಲ. 2002ರಿಂದ ಅಕ್ಷರದಾಸೋಹವೆಂಬ ಹೆಸರಿನಿಂದ ಮಧ್ಯಾಹ್ನದ ಬಿಸಿಯೂಟವೂ ಶಾಲೆಗಳಲ್ಲಿ ನಡೆದಿದೆ. ಆ ಪಂಕ್ತಿಯಲ್ಲಿ ಭೇದವನ್ನೆಣಿಸಿದ ಸಂಗತಿಗಳು ಅಲ್ಲಲ್ಲಿ ಈಚೆಗೂ ಕೇಳಿಬಂದಿರುವುದರಿಂದ, ಧಾರವಾಡದ ಅರ್ಜಿಯು ಪೂರ್ಣವಾಗಿ ಇತ್ಯರ್ಥವಾಯಿತೆಂದು ಹೇಳುವಂತಿಲ್ಲ.

ಯಾವ ಊರಿನಲ್ಲಿಯೇ ಆಗಲಿ, ಹೊಸ ಶಾಲೆಯ ಮನೆಯ ಪ್ರವೇಶೋತ್ಸವವು ನಡೆದಾಗ ಜನರು ಗೋಡೆಯನ್ನು ನೋಡುತ್ತಾರೆ, ಮಾಡನ್ನು ನೋಡುತ್ತಾರೆ, ಕಟ್ಟಿಸಿದವರ ಹೆಸರಿನ ಕಲ್ಲನ್ನು ಓದುತ್ತಾರೆ. ಅವರು ಒಂದು ಗಳಿಗೆ ಹೊಸ್ತಿಲ ಬಳಿಯಲ್ಲಿಯೂ ನಿಂತು, ಒಳಗೆ ಬಂದ ಮಕ್ಕಳು ಯಾರ ಯಾರ ಮನೆಯವರು, ಇನ್ನೂ ಬಾರದವರು ಯಾರು ಎಂದು ಎಣಿಸಿ ನೋಡುವುದು ಒಳ್ಳೆಯದು. ಐಗಳು ತಮ್ಮ ಮಕ್ಕಳನ್ನೆಲ್ಲ ಕರೆದುಕೊಂಡು ಹೊಸ ಶಿಷ್ಯನ ಮನೆಗೆ ತಾವೇ ಹೋಗುತ್ತಿದ್ದ ಆ ಹಳೆಯ ಪದ್ಧತಿಯನ್ನು, ಬಾರದವರ ಮನೆಗಳ ಮಟ್ಟಿಗಾದರೂ, ಹೊಸ ಶಾಲೆಯು ಕೈಕೊಂಡರೆ ತಪ್ಪೇನಿಲ್ಲ.