ಹೃದ್ರೋಗದ ಅಪಾಯ: ಕರ್ನಾಟಕದ ಸಂಶೋಧನೆ

ಹೃದಯಾಘಾತ ಯಾರಿಗೆ ಆಗುತ್ತದೆ, ಯಾವ ಕಾರಣಕ್ಕೆ, ಅದರ ಸುಳಿವು ಮೊದಲೇ ಸಿಗುತ್ತದೆಯೇ ಎಂಬುದನ್ನು ರೋಗಿಗಳಲ್ಲಿ ಅಳೆದು ನೋಡುವುದೇ ಈ ಸಂಶೋಧನೆ. ಕರ್ನಾಟಕದಲ್ಲಿ ಇದರ ಮುಖ್ಯ ಕೇಂದ್ರಗಳಲ್ಲೊಂದು ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು.

ಅಲ್ಲಿನ ಪ್ರೇಮ್ ಪೈಸ್ ಮತ್ತು ಸಂಗಡಿಗರ ಅಧ್ಯಯನ 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಬೆಂಗಳೂರಿನಲ್ಲಿ ಹೃದಯಾಘಾತವಾದ 200 ಮಂದಿ, ಅವರದೇ ವಯಸ್ಸಿನ, ಹೃದ್ರೋಗವಿಲ್ಲದ 200 ಮಂದಿ. ಇವರನ್ನು ಎದುರುಬದುರಿಟ್ಟು ನೋಡಲಾಯಿತು. ದಿನಕ್ಕೆ ಹತ್ತೋ ಹೆಚ್ಚೋ ಬೀಡಿ, ಸಿಗರೇಟು ಸೇದುವವರಿಗೆ ಅಪಾಯ ಆರು ಪಟ್ಟಿಗೂ ಮಿಕ್ಕಿತ್ತು. ಖಾಲಿ ಹೊಟ್ಟೆಯ ಸಕ್ಕರೆ ಅಂಶ ‘ನಾರ್ಮಲ್’ ಎನ್ನುವ ಮಿತಿಯೊಳಗೇ ಏರಿದರೂ ಅದರೊಂದಿಗೆ ಅಪಾಯವೂ ಏರುತ್ತಿತ್ತು. ಸೊಂಟ ಮತ್ತು ಪೃಷ್ಠದ ಸುತ್ತಳತೆಗಳ ಅನುಪಾತಕ್ಕೂ ಇದೇ ಮಾತು. ಎಲ್ಲರೂ ದೂರುವ ಕೊಲೆಸ್ಟ್ರಾಲ್ ಮಾತ್ರ ಈ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ತೋರಲಿಲ್ಲ. ಆದರೆ ಅಷ್ಟಕ್ಕೇ ಅದನ್ನು ನಿರಪರಾಧಿ ಎನ್ನಲಾಗದು. ಸೇಂಟ್ ಜಾನ್ಸ್‌ನಲ್ಲೇ ಓದಿದ ಸಲೀಂ ಯೂಸುಫ್ ಮುಂದಾಳತ್ವದ ‘ಇಂಟರ್‌ಹಾರ್ಟ್’ (2004) 52 ದೇಶಗಳಲ್ಲಿ ನಡೆದಾಗ, ರಕ್ತದ ಕೊಬ್ಬಿನ ಏರುಪೇರು ಮತ್ತು ಧೂಮಪಾನ ಎರಡೂ ಪಟ್ಟಿಯ ಮೇಲ್ತುದಿಯಲ್ಲಿದ್ದವು.

ದೇಹದೊಳಗಿನ ಚಿತ್ರ ತೆಗೆಯುವ ಸ್ಕ್ಯಾನ್‌ಗಳ ವಿಷಯ ಬೇರೆ. ಮೇಲಿನ ಅಪಾಯದ ಲೆಕ್ಕ ಗುಂಪಿನದು. ಸ್ಕ್ಯಾನ್ ಒಬ್ಬನ ರಕ್ತನಾಳವನ್ನೇ ತೋರಿಸುತ್ತದೆ. ಅಲ್ಟ್ರಾಸೌಂಡ್ ಬಳಸುವ ಎಕೋದಲ್ಲಿ ಹೃದಯದ ಗೋಡೆ, ಕವಾಟಗಳ ಚಲನೆ ಕಾಣುತ್ತದೆ, ಹೃದಯ ನಾಳದೊಳಗಿನ ತಡೆ ನೇರವಾಗಿ ಕಾಣುವುದಿಲ್ಲ. 1990ರಲ್ಲಿ ಆರ್ಥರ್ ಅಗಾಟ್‌ಸ್ಟನ್ ಬಳಗ ರೂಪಿಸಿದ ಕ್ಯಾಲ್ಸಿಯಂ ಅಂಕಕ್ಕೆ ಡೈ ಚುಚ್ಚಬೇಕಿಲ್ಲ: ರೋಗಿ ಕೆಲವು ಸೆಕೆಂಡು ಉಸಿರು ಬಿಗಿಹಿಡಿದರೆ ಸಾಕು, ನಾಳದ ಗೋಡೆಯಲ್ಲಿ ಗಟ್ಟಿಯಾದ ಸುಣ್ಣ (ಕ್ಯಾಲ್ಸಿಯಂ) ಸಿ.ಟಿ. ಸ್ಕ್ಯಾನಿನಲ್ಲಿ ಬಿಳಿ ಚುಕ್ಕೆಯಾಗಿ ಮೂಡುತ್ತದೆ. ಸೊನ್ನೆ ಬಂದರೆ ಅಪಾಯ ಕಡಿಮೆ, 400 ದಾಟಿದರೆ ಹೆಚ್ಚು. ಆದರೆ ಕಿರಿಯ ವಯಸ್ಸಿನಲ್ಲಿ ಸುಣ್ಣ ಕಟ್ಟದ ಮೆದು ಕೊಬ್ಬೇ ಒಡೆದು ಆಘಾತ ತರಬಲ್ಲದು, ಹಾಗಾಗಿ ಕಿರಿಯರ ಸೊನ್ನೆಯನ್ನು ಪೂರ್ತಿ ನಂಬುವಂತಿಲ್ಲ. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ 2017ರಲ್ಲಿ 40 ವರ್ಷದೊಳಗಿನ ರೋಗಿಗಳಿಗೆಂದೇ, ಅವರ ವಿವರ ದಾಖಲಿಸುವ ನೋಂದಣಿ ಆರಂಭಿಸಿದ್ದು ಇಂಥ ವಯಸ್ಸಿನವರನ್ನು ಅರಿಯಲಿಕ್ಕೆ.

ಹಳ್ಳಿಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ‘ಕ್ರಿಯೇಟ್’ ನೋಂದಣಿ (2008). ಸೇಂಟ್ ಜಾನ್ಸ್‌ನ ಡೆನಿಸ್ ಝೇವಿಯರ್ ಮತ್ತಿತರರು ದೇಶದ 89 ಆಸ್ಪತ್ರೆಗಳಿಂದ 20,468 ರೋಗಿಗಳ ವಿವರ ಕೂಡಿಸಿದರು. ಎದೆನೋವು ಶುರುವಾದ ಮೇಲೆ ಅರ್ಧದಷ್ಟು ಮಂದಿ ಆಸ್ಪತ್ರೆ ತಲುಪುವ ಹೊತ್ತಿಗೆ ಆರು ತಾಸು ಅಥವಾ ಅದಕ್ಕೂ ಹೆಚ್ಚು ಕಳೆದಿತ್ತು. ಗದಗ–ಹುಬ್ಬಳ್ಳಿ ಹೆದ್ದಾರಿಯ ಮೇಲಿನ ಹುಲಕೋಟಿಯಂಥ ಊರಿನಿಂದ ಹುಬ್ಬಳ್ಳಿಗೆ ಅಷ್ಟು ಹೊತ್ತು ಬೇಡವೇ ಬೇಡ. ಹೊತ್ತು ಹೋಗುವುದು ರಸ್ತೆಯಲ್ಲಷ್ಟೇ ಅಲ್ಲ, “ಗ್ಯಾಸ್ ಆಗೇತಿ, ಸೋಡಾ ಕುಡಿ” ಎನ್ನುತ್ತ ಮನೆಯಲ್ಲಿ ಕುಳಿತಾಗಲೂ. ತಿಂಗಳೊಳಗೆ ಸತ್ತವರು ಬಡವರಲ್ಲಿ ಶೇ. 8.2, ಸಿರಿವಂತರಲ್ಲಿ ಶೇ. 5.5. ಸಿಕ್ಕ ಚಿಕಿತ್ಸೆಯ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿದಾಗ ಈ ಅಂತರ ಅಳಿಸಿಹೋಯಿತು.

ನಟ ಪುನೀತ್ ರಾಜ್‌ಕುಮಾರ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆ ಕೈಹಾಕಿರುವುದು ಈ ವಿಳಂಬಕ್ಕೆ ಮತ್ತು ಚಿಕಿತ್ಸೆಯ ಅಂತರಕ್ಕೇ: ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ದೊಡ್ಡ ಆಸ್ಪತ್ರೆಯ ತಜ್ಞರು ದೂರದಿಂದಲೇ ಓದುತ್ತಾರೆ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ತಾಲೂಕಿನಲ್ಲೇ ಉಚಿತವಾಗಿ ಕೊಟ್ಟು ಮುಂದಕ್ಕೆ ಕಳಿಸುತ್ತಾರೆ.